ಯುರೋಪಿನವಳು ರಜೆಯಲ್ಲಿದ್ದಾಳೆ

ನಮ್ಮ ಸಲೂನಿನ ಗಾಜಿನ ಬಾಗಿಲಿಗೆ ಯುರೋಪಿನ ಹೆಂಗಸೊಬ್ಬಳನ್ನು ಅಂಟಿಸಿದ್ದರು. ಹಳದಿ ಕೂದಲು, ನೀಲಿ ಕಣ್ಣು, ಕೈಯಲ್ಲಿ ಕತ್ತರಿ. ಯುರೋಪಿನ ನುರಿತ ಕೈಗಳಿಗೆ ನಿಮ್ಮ ಕೂದಲು ಒಪ್ಪಿಸಿ ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಗಿರಾಕಿಗಳು ಒಳಗೆ ಬಂದು ಕೇಳುತ್ತಿದ್ದರು, ‘ಅವಳೆಲ್ಲಿ?’

ಮ್ಯಾನೇಜರ್ ನ್ಯಾನ್ಸಿ ಮೇಡಂ ತಲೆ ಎತ್ತದೆ ಹೇಳುತ್ತಿದ್ದರು, ‘ರಜೆಯಲ್ಲಿದ್ದಾಳೆ.’

ರಜೆಯೂ ಇಲ್ಲ, ಮಣ್ಣೂ ಇಲ್ಲ. ಅವಳು ಅದೇ ಗಿರಾಕಿಯ ಕಾಲ ಬುಡದಲ್ಲಿ, ಗಿಡ್ಡ ಸ್ಟೂಲಿನ ಮೇಲೆ ಕೂತು, ಹಿಮ್ಮಡಿಯ ಸತ್ತ ಚರ್ಮ ಕೆರೆಯುತ್ತಿದ್ದಳು. ಹೆಸರು ಫ್ಲೋರಿಕಾ. ರೊಮೇನಿಯಾದವಳು. ಪಾಸ್‌ಪೋರ್ಟು ಅಪ್ಪಟ ಯುರೋಪು. ಬಣ್ಣ ಮಾತ್ರ ನನ್ನದೇ.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ ಡ್ರೈವರು ಅವಳನ್ನು ಏರ್‌ಪೋರ್ಟಿನಿಂದ ಕರೆತಂದು ಕೊಲ್ಲಿ ನಾಡಿನ ಮಹಬೂಲಾದ ನಮ್ಮ ಸಲೂನಿನ ಮುಂದೆ ಇಳಿಸಿದ. ನ್ಯಾನ್ಸಿ ಮೇಡಂ ಹೂಗುಚ್ಛ ಹಿಡಿದು ನಿಂತಿದ್ದರು. ಕಾರಿನಿಂದ ಇಳಿದವಳನ್ನು ನೋಡಿ ಹೂಗುಚ್ಛ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

‘ಯೇಸುವೇ! ಇದೆಂತ ಮಾರಾಯ್ತಿ? ಯುರೋಪು ಕೇಳಿದ್ರೆ ಬಂಟ್ವಾಳ ಕಳಿಸಿದ್ದಾರಲ್ಲ!’

ಕರಿಯ ಜಡೆ, ಹೂವಿನ ಲಂಗ, ಕಿವಿಯಲ್ಲಿ ಬಳೆಯಷ್ಟು ದೊಡ್ಡ ರಿಂಗು. ಫ್ಲೋರಿಕಾ ನಕ್ಕು ಕೈ ಚಾಚಿದಳು. ಮೇಡಂ ಕೈ ಕೊಡಲಿಲ್ಲ. ಪಾಸ್‌ಪೋರ್ಟ್ ತೆಗೆದುಕೊಂಡು ಡ್ರಾಯರಿನಲ್ಲಿ ಹಾಕಿ ಬೀಗ ಜಡಿದರು. ಅಂದಿನಿಂದ ಯುರೋಪು ನ್ಯಾನ್ಸಿಯ ಡ್ರಾಯರಿನಲ್ಲಿತ್ತು.

‘ಇವಳನ್ನು ಕನ್ನಡಿ ಮುಂದೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಪಾತುಮ್ಮಾ, ನಿನ್ನ ಹತ್ತಿರ ಕೂರಿಸು. ಕಾಲು ತೊಳೀಲಿ.’

ಕನ್ನಡಿಯ ಮುಂದೆ ಮೂರು ಕುರ್ಚಿಗಳಿದ್ದವು. ಎರಡರಲ್ಲಿ ಲೆಬನಾನಿನವರು ಕೆಲಸ ಮಾಡುತ್ತಿದ್ದರು. ಮೂರನೆಯದು ಯುರೋಪಿನವಳಿಗೆಂದೇ ತರಿಸಿದ್ದು. ಅದಕ್ಕೆ ಬಟ್ಟೆ ಹೊದಿಸಿದರು. ಫ್ಲೋರಿಕಾ ತನ್ನ ಊರಿನಲ್ಲಿ ಕೂದಲು ಕತ್ತರಿಸಿಯೇ ಬದುಕಿದವಳು. ದಿನಾ ಬೆಳಿಗ್ಗೆ ಬಟ್ಟೆಯ ಚೀಲದಿಂದ ತನ್ನ ಕತ್ತರಿ ತೆಗೆದು ಒರೆಸುವಳು, ಒಂದು ಹನಿ ಎಣ್ಣೆ ಬಿಡುವಳು, ಮತ್ತೆ ಒಳಗಿಡುವಳು. ಆಮೇಲೆ ಕಲ್ಲು ತೆಗೆದುಕೊಂಡು ಹಿಮ್ಮಡಿಗೆ ಇಳಿಯುವಳು. ಅವಳಿಗೆ ಬೇರೇನೂ ಬೇಕಿರಲಿಲ್ಲ. ಆ ಕುರ್ಚಿ ಬೇಕಿತ್ತು.

ನಾನು ಕುಂಞಿಪಾತುಮ್ಮ. ಬ್ಯಾರಿಯವಳು. ಬ್ಯಾರಿಗಳಲ್ಲೇ ಒಸಾನ್. ನಮ್ಮ ಗಂಡಸರು ತಲೆ ಬೋಳಿಸುವವರು, ಸುನ್ನತ್ ಮಾಡುವವರು. ನಮ್ಮ ಹೆಂಗಸರು ಹೆರಿಗೆ ಮಾಡಿಸುವವರು, ಮದುಮಗಳನ್ನು ಮೀಯಿಸಿ ಸಿಂಗರಿಸಿ ಹಾಡುವವರು. ಮಸೀದಿಯ ಸಾಲಿನಲ್ಲಿ ಎಲ್ಲರ ಭುಜಕ್ಕೂ ನಮ್ಮವರ ಭುಜ ತಾಗುತ್ತದೆ. ಹೆಣ್ಣು ಕೇಳುವ ಮಾತು ಬಂದಾಗ ಮಾತ್ರ ಭುಜ ಸರಿಯುತ್ತದೆ.

ನನ್ನ ಉಮ್ಮ ಆಮಿನಮ್ಮ ಮದುವೆ ಮನೆಗಳಲ್ಲಿ ಹಾಡುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಕೇಳುತ್ತಿದ್ದೆ. ಬ್ಯಾರಿ ಮಾತಿನ ಆ ಹಾಡನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ತಲೆಗೆ ಎಣ್ಣೆ, ಕಣ್ಣಿಗೆ ಸುರ್ಮಾ,
ಹುಟ್ಟಿಸಿದವನ ಹೆಸರು ನಾಲಿಗೆಗೆ.

ಕೊನೆಗೆ ಉಮ್ಮ ಆ ಮನೆಯವರ ಹೆಸರುಗಳನ್ನು ಒಂದೊಂದಾಗಿ ಹಾಡಿನೊಳಗೆ ಪೋಣಿಸಿ ಬರಕತ್ ಬೇಡುತ್ತಿದ್ದಳು. ಅಜ್ಜ, ಅಜ್ಜಿ, ಮಾವ, ಊರಿಗೆ ಬಾರದ ದುಬೈಯ ಚಿಕ್ಕಪ್ಪ. ನಮ್ಮ ಹೆಸರು ಯಾವ ಹಾಡಿನಲ್ಲೂ ಬರಲಿಲ್ಲ. ಹಾಡಿದವಳಿಗೆ ಊಟ ಕೊನೆಯ ಪಂಕ್ತಿಯಲ್ಲಿ, ಅಡುಗೆಮನೆಯ ಹಿಂದೆ. ನಾನು ಕೇಳುವುದನ್ನು ಅಲ್ಲಿ ಕಲಿತೆ. ಸುಮ್ಮನಿರುವುದನ್ನೂ ಅಲ್ಲಿಯೇ.

ಫ್ಲೋರಿಕಾ ಬಂದ ಮೊದಲ ವಾರವೇ ಜಗಳ ಶುರುವಾಯಿತು. ಜಗಳ ಬೋಗುಣಿಯದ್ದು.

ನಮ್ಮಲ್ಲಿ ತಲೆ ಒರೆಸಿದ ಟವೆಲ್ಲೂ ಕಾಲು ಒರೆಸಿದ ಟವೆಲ್ಲೂ ಒಂದೇ ಮೆಷಿನ್ನಿಗೆ ಬೀಳುತ್ತಿದ್ದವು. ಅದನ್ನು ನೋಡಿ ಅವಳ ಮುಖ ಬಿಳಿಚಿತು. ಬಕಾಲಾ ಅಂಗಡಿಯಿಂದ ಎರಡು ಪ್ಲಾಸ್ಟಿಕ್ ಬೋಗುಣಿ ತಂದಳು. ನೀಲಿಯದು ತಲೆಯ ಬಟ್ಟೆಗೆ. ಕೆಂಪಿನದು ಕಾಲಿನದಕ್ಕೆ. ಒಂದಕ್ಕೊಂದು ತಾಗಬಾರದು. ಅವಳ ಜನರ ಕಟ್ಟಳೆ ಅದು. ಸೊಂಟದಿಂದ ಮೇಲಿನದು ಬೇರೆ, ಕೆಳಗಿನದು ಬೇರೆ. ಕಾಲು ತೊಳೆದ ಪಾತ್ರೆಯಲ್ಲಿ ಮುಖ ತೊಳೆಯಬಾರದು. ಉಣ್ಣುವ ಪಾತ್ರೆಗೆ ಕಾಲು ತಾಗಿದರೆ ಆ ಪಾತ್ರೆ ತೊಳೆಯುವುದಕ್ಕಲ್ಲ, ಎಸೆಯುವುದಕ್ಕೆ.

‘ನೋಡಿ, ನೋಡಿ! ಜಿಪ್ಸಿ ನಮಗೆ ಕ್ಲೀನ್ ಕಲಿಸ್ಲಿಕ್ಕೆ ಬಂದಿದ್ದಾಳೆ,’ ಎಂದು ನ್ಯಾನ್ಸಿ ಮೇಡಂ ನಕ್ಕರು. ಲೆಬನಾನಿನವರೂ ನಕ್ಕರು. ಫ್ಲೋರಿಕಾ ಬಟ್ಟೆ ಹಿಂಡುತ್ತ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಪ್ರಾರ್ಥನೆಯಂತೂ ಆಗಿರಲಿಲ್ಲ.

ನಮ್ಮಿಬ್ಬರ ನಡುವೆ ನಡೆಯುತ್ತಿದ್ದದ್ದು ಸಲೂನಿನ ಮಾತು. ಅರ್ಧ ಅರಬ್ಬಿ, ಕಾಲು ಇಂಗ್ಲಿಷು, ಉಳಿದದ್ದು ಹಿಂದಿ ಮತ್ತು ಕೈಸನ್ನೆ. ಆ ಕಲಸು ನಮ್ಮಿಬ್ಬರ ಹೊರತು ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ.

ಒಂದು ದಿನ ಸುಗಂಧಿಯಕ್ಕ ಪೆಡಿಕ್ಯೂರಿಗೆ ಬಂದಿದ್ದರು. ಮಂಗಳೂರಿನವರು. ಗಂಡ ಲೋಕನಾಥ ನಮ್ಮ ವೀಸಾದ ಧಣಿ ಕಫೀಲನ ದೊಡ್ಡ ಕಂಪನಿಯಲ್ಲಿ ಆಫೀಸರು. ಊರಿನವರ ಸಂಘಕ್ಕೆ ಅಧ್ಯಕ್ಷರೂ ಹೌದು. ಸುಗಂಧಿಯಕ್ಕನ ಎಡಗಾಲು ಫ್ಲೋರಿಕಾಳ ಮಡಿಲಿನಲ್ಲಿತ್ತು. ಫ್ಲೋರಿಕಾಳ ಕಿವಿಯಲ್ಲಿ ಫೋನಿನ ವಯರು. ಆಚೆ ಕಡೆ ಅವಳ ತಾಯಿ. ಅಜ್ಜಿಯ ಹತ್ತಿರ ಬಿಟ್ಟು ಬಂದ ಫ್ಲೋರಿಕಾಳ ಮಗಳ ತಲೆಯಲ್ಲಿ ಹೇನು ಎಂದು ಶಾಲೆಯವರು ಹುಡುಗಿಯನ್ನು ಹಿಂದಿನ ಬೆಂಚಿಗೆ ತಳ್ಳಿದ್ದರಂತೆ. ಹೇನಿಲ್ಲದ ದಿನವೂ ಅವಳ ಬೆಂಚು ಅದೇ ಆಗಿತ್ತಂತೆ. ಫ್ಲೋರಿಕಾ ಸಿಟ್ಟಿನಲ್ಲಿ ಕೂಗುತ್ತಿದ್ದಳು.

ಸುಗಂಧಿಯಕ್ಕ ಕಾಲು ಎಳೆದುಕೊಂಡು ನೆಟ್ಟಗೆ ಕೂತರು.

‘ಹೇಯ್! ಇವಳು ಬಾಲ್ ಅಂದ್ಲು, ಜುವಾ ಅಂದ್ಲು! ಪಾತುಮ್ಮಾ, ಕೂದಲಿಗೆ ಹಿಂದಿಯಲ್ಲಿ ಬಾಲ್ ಅಲ್ವಾ? ಹೇನಿಗೆ ಜೂ ಅಲ್ವಾ? ಇವಳು ನಮ್ಮವಳು ಮಾರಾಯ್ತಿ!’

ಸಾವಿರ ವರ್ಷದ ಸಂಬಂಧ ಹೇನಿನಲ್ಲಿ ಸಿಕ್ಕಿತು.

ಮೂಗಿಗೆ ಏನು, ಕಿವಿಗೆ ಏನು ಎಂದು ಕೇಳಿದರು. ಫ್ಲೋರಿಕಾ ನಾಖ್ ಎಂದಳು, ಕನ್ ಎಂದಳು. ಸುಗಂಧಿಯಕ್ಕನ ಕಣ್ಣಲ್ಲಿ ನೀರು ಬಂತು. ಒದ್ದೆ ಕಾಲಿನಲ್ಲೇ ಗಂಡನಿಗೆ ಫೋನು ಮಾಡಿದರು. ಲೋಕನಾಥರು ಪೇಪರಿನಲ್ಲಿ ಓದಿ ತಿಳಿದವರು. ಜಿಪ್ಸಿ ಅನ್ನಿಸಿಕೊಳ್ಳುವ ಈ ರೋಮಾ ಜನ ಇಂಡಿಯಾದಿಂದ ಹೋದವರು, ಅವರ ಭಾಷೆ ನಮ್ಮ ಉತ್ತರದ ಭಾಷೆಗಳ ನೆಂಟ ಎಂದು ಫೋನಿನಲ್ಲೇ ಭಾಷಣ ಮಾಡಿದರು.

ಮರುದಿನ ಅವರೇ ಸಲೂನಿನ ಬಾಗಿಲಿಗೆ ಬಂದರು. ‘ವಾರ್ಷಿಕೋತ್ಸವಕ್ಕೆ ಬರ್ಲಿ. ಮನೆ ಬಿಟ್ಟು ಹೋದ ಮಗಳು ತವರಿಗೆ ಬಂದ ಹಾಗೆ. ಸನ್ಮಾನ ಮಾಡುವ. ಭಾರತದ ಮಗಳು ಅಂತ ಸ್ಟೇಜಲ್ಲಿ ನಾಲ್ಕು ಮಾತು ಹೇಳ್ಲಿ. ಮರುದಿನದಿಂದ ಅವಳಿಗೆ ಕತ್ತರಿ, ಕುರ್ಚಿ. ಕಫೀಲನ ಹತ್ತಿರ ನಾನು ಮಾತಾಡ್ತೇನೆ. ನ್ಯಾನ್ಸಿಬಾಯಿ, ಆಯ್ತಲ್ವಾ?’

‘ನೀವು ಹೇಳಿದ್ಮೇಲೆ ಆಯ್ತು ಸರ್,’ ಎಂದರು ನ್ಯಾನ್ಸಿ ಮೇಡಂ.

ಮಧ್ಯಾಹ್ನದ ಬಿಡುವಿಗೆ ಹಿಂದಿನ ಗಲ್ಲಿಯ ನಮ್ಮ ಕೋಣೆಗೆ ಹೋದಾಗ ನಾನು ಕೇಳಿದೆ, ‘ನಿಮ್ಮ ಜನ ನಿಜವಾಗಿ ಎಲ್ಲಿಯವರು?’

ಫ್ಲೋರಿಕಾ ಮಂಚದ ಮೇಲೆ ಕಾಲು ಚಾಚಿ ನಕ್ಕಳು. ‘ಯಾರು ಕೇಳ್ತಿದ್ದಾರೆ ಅನ್ನುವುದರ ಮೇಲೆ. ಪೊಲೀಸು ಕೇಳಿದರೆ ಅಜ್ಜಿ ಈಜಿಪ್ಟ್ ಅನ್ನುತ್ತಿದ್ದಳು. ಪಾದ್ರಿ ಕೇಳಿದರೆ, ಶಿಲುಬೆಗೆ ಮೊಳೆ ಬಡಿದುಕೊಟ್ಟ ಕಮ್ಮಾರನ ಮಕ್ಕಳು, ಅದಕ್ಕೇ ದೇವರು ಅಲೆಯಲು ಬಿಟ್ಟ ಅನ್ನುತ್ತಿದ್ದಳು. ಪಾದ್ರಿಗೆ ಬಹಳ ಖುಷಿ. ಯೂನಿವರ್ಸಿಟಿಯವರು ಟೇಪ್ ರೆಕಾರ್ಡರ್ ತಂದು ಕೇಳಿದರೆ ಇಂಡಿಯಾ. ಅದನ್ನು ಅವರೇ ಹೇಳಿಕೊಟ್ಟರು. ಸಿಗರೇಟೂ ಕೊಟ್ಟರು.’

‘ನಿಜ ಯಾವುದು?’

‘ಗಾಡಿ. ನನ್ನಮ್ಮ ಗಾಡಿಯಲ್ಲಿ ಹುಟ್ಟಿದವಳು. ಮುಂದಿನ ಗಾಲಿಯ ಹತ್ತಿರವೋ ಹಿಂದಿನ ಗಾಲಿಯ ಹತ್ತಿರವೋ, ಬೇಕಾದರೆ ಕೇಳಿ ಹೇಳ್ತೇನೆ.’

ಅವಳ ಅಜ್ಜ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತ ಊರೂರು ತಿರುಗಿದವನು. ಹಿಮ ಬಿದ್ದಾಗ ಮಾತ್ರ ಒಂದು ಕಡೆ ನಿಲ್ಲುವುದು. ಹಿಮ ಕರಗಿದರೆ ಮತ್ತೆ ಗಾಡಿ. ಅವನ ಹಿರಿಯರು ಮಠಗಳಿಗೂ ದೊರೆಗಳಿಗೂ ಗುಲಾಮರಾಗಿದ್ದವರು. ಮೇಜು, ಹಸು, ಜಿಪ್ಸಿ ಎಂದು ಸೇರಿಸಿ ಮಾರುತ್ತಿದ್ದರಂತೆ.

‘ಆದರೆ ಬಾಲ್ ಸುಳ್ಳಲ್ಲ,’ ಎಂದೆ.

‘ಸುಳ್ಳಲ್ಲ. ಇಂಡಿಯಾ ನಿಜವೇ ಇರಬಹುದು. ಎಲ್ಲಿಂದ ಬಂದಿರಿ ಅಂತ ಎಲ್ಲರೂ ಕೇಳ್ತಾರೆ ಪಾತು. ಯಾಕೆ ಬಿಟ್ಟು ಬಂದಿರಿ ಅಂತ ಒಬ್ಬರೂ ಕೇಳುವುದಿಲ್ಲ. ಚೆನ್ನಾಗಿ ನೋಡಿಕೊಂಡಿದ್ದರೆ ಯಾರಾದರೂ ಮಕ್ಕಳನ್ನು ಎತ್ತಿಕೊಂಡು ಗಾಡಿ ಹತ್ತುತ್ತಾರಾ?’

ನಾನೂ ವಿಮಾನ ಹತ್ತಿ ಬಂದವಳೇ.

‘ಹಾಗಾದರೆ ಆ ಸ್ಟೇಜಿಗೆ ಯಾಕೆ ಹೋಗ್ತೀ?’

ಅವಳು ಕತ್ತರಿಯ ಚೀಲವನ್ನು ಎತ್ತಿ ತೋರಿಸಿದಳು. ‘ಕುರ್ಚಿಗೆ. ಕುರ್ಚಿ ಕೊಟ್ಟರೆ ನಾನು ಚೀನಾದ ಮಗಳೂ ಹೌದು.’

ಲೋಕನಾಥರು ತಮ್ಮ ಮನೆಯಲ್ಲಿ ತಾಲೀಮು ಇಟ್ಟರು. ಫ್ಲೋರಿಕಾಳ ಮಾತು ತಿಳಿಯುವುದು ನನಗೊಬ್ಬಳಿಗೆ. ಆದ್ದರಿಂದ ಸ್ಟೇಜಿನಲ್ಲಿ ಅದನ್ನು ಕನ್ನಡ ಮಾಡುವ ಕೆಲಸ ನನಗೇ ಬಂತು. ಸೋಫಾ ಖಾಲಿ ಇತ್ತು. ಅವಳನ್ನು ಕೂರಿಸಿದರು. ನನ್ನನ್ನು ಕೂರು ಎನ್ನಲಿಲ್ಲ.

‘ನಮ್ಮ ಪೂರ್ವಜರು ರಜಪೂತ ವೀರರು, ಯುದ್ಧಕ್ಕೆ ಹೋದವರು ವಾಪಸ್ ಬರ್ಲಿಲ್ಲ, ಅಂತ ಹೇಳ್ಬೇಕು ಅವಳು.’

ನಾನು ಹೇಳಿದೆ. ಅವಳು ತಲೆ ಕೆರೆದುಕೊಂಡಳು. ‘ಅಜ್ಜ ಕತ್ತಿ ಹಿಡಿದದ್ದು ನಾನು ನೋಡಿಲ್ಲ. ಮೂಗು ಹಿಡಿದದ್ದು ನೋಡಿದ್ದೇನೆ. ಕಲಾಯಿಯ ಹೊಗೆ ಬಹಳ ಕೆಟ್ಟದು. ಬೇರೆ ಏನೂ ಬರೆದಿಲ್ಲವಾ ನಿಮ್ಮ ಪುಸ್ತಕದಲ್ಲಿ?’

ಲೋಕನಾಥರು ಗಂಟಲು ಸರಿಮಾಡಿಕೊಂಡರು. ‘ಉಂಟು. ಡೋಲು ಬಡಿಯುವವರು, ಕಸ ಗುಡಿಸುವವರು, ಹೆಣ ಸುಡುವವರು ಅಂತೆಲ್ಲ ಕೆಲವರು ಬರೆದಿದ್ದಾರೆ. ಅದು ಸ್ಟೇಜಿಗೆ ಬೇಡ. ಫ್ಯಾಮಿಲಿ ಪ್ರೋಗ್ರಾಂ.’

ನಾನು ಅದನ್ನೂ ಹೇಳಿದೆ. ಫ್ಲೋರಿಕಾ ನಗಲಿಲ್ಲ. ‘ಹೆಣ ಸುಟ್ಟವರು ವಾಪಸ್ ಬಂದರೆ ಸೋಫಾ ಇಲ್ಲ. ಅಲ್ವಾ?’ ಎಂದಳು. ನಿಂತೇ ಇದ್ದ ನಾನು ಆ ಮಾತನ್ನು ಕನ್ನಡ ಮಾಡಲಿಲ್ಲ.

ವಾರ್ಷಿಕೋತ್ಸವ ಒಂದು ಶಾಲೆಯ ಸಭಾಂಗಣದಲ್ಲಿ. ಶುಕ್ರವಾರ ಹಗಲು. ಬೆಳಿಗ್ಗೆಯಿಂದ ಕುಣಿಯುವ ಮಕ್ಕಳಿಗೆ ಜಡೆ ಹೆಣೆದು ನನ್ನ ಬೆರಳು ಸೋತಿದ್ದವು. ಪರದೆಯ ಹಿಂದೆ ಸಂಘದ ಕಾರ್ಯದರ್ಶಿಯ ಹೆಂಡತಿ ಫಸೀಲಾ ನನ್ನನ್ನು ನೋಡಿದರು. ಉಪ್ಪಿನಂಗಡಿಯ ದೊಡ್ಡ ಮನೆಯವರು.

‘ನೀನು ಆಮಿನಮ್ಮನ ಮಗಳಲ್ವಾ? ಒಸಾನ್ ಆಮಿನಮ್ಮ?’ ಒಸಾನ್ ಎಂಬುದನ್ನು ಅಷ್ಟೇನೂ ಮೆಲ್ಲಗೆ ಹೇಳಲಿಲ್ಲ. ‘ನನ್ನ ಮದುವೆಗೆ ನನ್ನನ್ನು ಮೀಯಿಸಿದ್ದು ನಿನ್ನ ಉಮ್ಮ. ಎಷ್ಟು ಚಂದ ಹಾಡಿದ್ಲು!’

ನಾನು ಹೌದೆಂದೆ. ಉಮ್ಮ ಆ ದಿನ ಉಂಡದ್ದು ಎಲ್ಲಿ ಎಂದು ನನಗೆ ನೆನಪಿತ್ತು. ಅವರಿಗೆ ಹಾಡು ನೆನಪಿತ್ತು.

ಅಷ್ಟರಲ್ಲಿ ಸುಗಂಧಿಯಕ್ಕ ಅಡುಗೆಯವರಿಂದ ಒಂದು ದೊಡ್ಡ ತಾಮ್ರದ ಹರಿವಾಣ ಹೊರಿಸಿಕೊಂಡು ಬಂದರು. ಅದರಲ್ಲಿದ್ದ ಕೋಸಂಬರಿಯನ್ನು ಬೇರೆ ಪಾತ್ರೆಗೆ ಸುರಿಸಿದರು. ‘ತವರಿಗೆ ಬಂದ ಮಗಳಿಗೆ ಕಾಲಿಗೆ ನೀರು ಕೊಡುವ ಕ್ರಮ ಉಂಟಲ್ಲ. ಸ್ಟೇಜಲ್ಲೇ ಕಾಲು ತೊಳೆದು ಬರಮಾಡಿಕೊಳ್ಳುವ. ಫೋಟೋ ಚಂದ ಬರ್ತದೆ. ಆಮೇಲೆ ಇದನ್ನೇ ತೊಳೆದು ಹಣ್ಣು ಇಡುವ.’

‘ನಿಮ್ಮ ರೇಷ್ಮೆ ಸೀರೆ ಒದ್ದೆ ಆಗ್ತದೆ ಸುಗಂಧೀ,’ ಎಂದರು ಫಸೀಲಾ. ‘ನೀವು ಚೊಂಬು ಹಿಡೀರಿ, ಸಾಕು. ತೊಳೀಲಿಕ್ಕೆ ಪಾತುಮ್ಮ ಇದ್ದಾಳಲ್ಲ. ಅವರದ್ದು ಅದೇ ಕಸುಬು.’

ಪರದೆ ಸರಿಯಿತು. ಫ್ಲೋರಿಕಾ ಕೆಂಪು ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದ ಮೇಜಿನ ಮೇಲೆ ಶಾಲು, ಪೇಟ, ಗಂಧದ ಹಾರ. ಲೋಕನಾಥರು ರಜಪೂತರಿಂದ ಶುರುಮಾಡಿ ಸಿಂಧೂ ನದಿ ದಾಟಿ ಯುರೋಪಿಗೆ ಮುಟ್ಟಿದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಕೈಗೆ ಒಂದು ಮೈಕು ಕೊಟ್ಟರು. ಹರಿವಾಣ ಬಂತು. ಸುಗಂಧಿಯಕ್ಕ ಬೆಳ್ಳಿಯ ಚೊಂಬು ಹಿಡಿದು ಕ್ಯಾಮೆರಾದ ಕಡೆಗೆ ತಿರುಗಿ ನಕ್ಕರು.

‘ಪಾತುಮ್ಮಾ, ಕೂರು. ಬೇಗ,’ ಎಂದರು ಫಸೀಲಾ ಬದಿಯಿಂದ.

ನಾನು ಕೂತೆ. ನನ್ನನ್ನು ಯಾರೂ ತಳ್ಳಲಿಲ್ಲ. ಮಂಡಿ ತಾನಾಗಿ ಮಡಚಿತು. ಕೈ ತಾನಾಗಿ ಚಾಚಿತು. ನನ್ನ ಮೈಗೆ ಅದು ಬಾಯಿಪಾಠ. ನನಗಿಂತ ಮೊದಲು ಉಮ್ಮನ ಮೈಗೆ, ಅವಳಿಗಿಂತ ಮೊದಲು ಅವಳ ಉಮ್ಮನ ಮೈಗೆ.

ಫ್ಲೋರಿಕಾ ಹರಿವಾಣ ನೋಡಿದಳು. ಅಂಚಿನಲ್ಲಿ ಒಂದು ಹೆಸರುಬೇಳೆ ಅಂಟಿಕೊಂಡಿತ್ತು. ಅವಳು ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಕೊಂಡಳು. ಸಭೆಯಲ್ಲಿ ಮಕ್ಕಳು ನಕ್ಕರು.

‘ಇದು ಉಣ್ಣುವ ಪಾತ್ರೆ,’ ಎಂದಳು ನಮ್ಮ ಸಲೂನಿನ ಮಾತಿನಲ್ಲಿ. ‘ನನ್ನ ಅಜ್ಜ ಇಂಥದ್ದಕ್ಕೆ ಕಲಾಯಿ ಹಾಕುತ್ತಿದ್ದ. ಇದರಲ್ಲಿ ನಾನು ಕಾಲು ಇಡುವುದಿಲ್ಲ.’

‘ಎಂತ ಹೇಳ್ತಾಳೆ?’ ಎಂದರು ಲೋಕನಾಥರು.

ನಾನು ಮೈಕಿನಲ್ಲಿ ಹೇಳಿದೆ, ‘ಪಾತ್ರೆ ಬಹಳ ಚಂದ ಉಂಟು ಅಂತ.’

ಸಭೆ ಚಪ್ಪಾಳೆ ತಟ್ಟಿತು. ಫ್ಲೋರಿಕಾ ನನ್ನನ್ನೇ ನೋಡಿದಳು. ಅವಳಿಗೆ ಕನ್ನಡ ಬರುವುದಿಲ್ಲ. ಆದರೆ ತಾನು ಹೇಳಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂಬುದು ಅವಳಿಗೆ ಗೊತ್ತು.

‘ಪಾತು. ಸರಿಯಾಗಿ ಹೇಳು.’

‘ಕುರ್ಚಿ ಹೋಗ್ತದೆ,’ ಎಂದೆ ಮೆಲ್ಲಗೆ.

‘ಹೋಗಲಿ. ಇವರಿಗೆ ಹೇಳು. ನನ್ನನ್ನು ಮಗಳು ಅನ್ನುವವರು ತಾವೇ ತೊಳೆಯಲಿ. ಕೆಂಪು ಬೋಗುಣಿ ತರಲಿ. ನೀನು ಯಾಕೆ ಕೂತಿದ್ದೀ ಅಲ್ಲಿ? ನೀನು ನನ್ನ ತವರಿನವಳಲ್ಲವಾ?’

ಸಭೆ ಕಾಯುತ್ತಿತ್ತು. ಮೈಕು ನನ್ನ ಗಲ್ಲದ ಹತ್ತಿರವೇ ಇತ್ತು. ನನ್ನ ಉಸಿರು ಇಡೀ ಹಾಲಿಗೆ ಕೇಳಿಸುತ್ತಿತ್ತು. ಜೀವಮಾನವೆಲ್ಲ ಕೇಳಿಸಿಕೊಂಡವಳು ನಾನು. ನನ್ನದು ಬೇರೆಯವರಿಗೆ ಕೇಳಿಸಿದ್ದು ಅದೇ ಮೊದಲು.

ನಾನು ಎದ್ದು ನಿಂತೆ. ಸೆರಗು ಸರಿಮಾಡಿಕೊಂಡು ಬಿಸ್ಮಿ ಹೇಳಿದೆ. ಆಮೇಲೆ ಅವಳ ಮಾತನ್ನು ಒಂದೂ ಬಿಡದೆ ಕನ್ನಡದಲ್ಲಿ ಹೇಳಿದೆ. ಉಣ್ಣುವ ಪಾತ್ರೆ. ಮಗಳು ಅನ್ನುವವರು. ಕೆಂಪು ಬೋಗುಣಿ. ಎಲ್ಲ. ತಾಲೀಮಿನಲ್ಲಿ ಉಳಿಸಿಕೊಂಡಿದ್ದ ಬಾಕಿಯನ್ನೂ ಹೇಳಿದೆ. ‘ಹೆಣ ಸುಟ್ಟವರು ವಾಪಸ್ ಬಂದರೆ ಸೋಫಾ ಇಲ್ಲವಾ ಅಂತ ಅವತ್ತೇ ಕೇಳಿದ್ದಾಳೆ.’

ಸುಗಂಧಿಯಕ್ಕನ ಚೊಂಬು ವಾಲಿ ನೀರು ರೇಷ್ಮೆ ಸೀರೆಯ ಮೇಲೆಯೇ ಚೆಲ್ಲಿತು.

‘ಇನ್ನೊಂದು ಉಂಟು,’ ಎಂದೆ. ‘ಇದು ಇವಳ ಮಾತಲ್ಲ, ನನ್ನದು. ನಮಾಜಿಗೆ ಮೊದಲು ನಾವು ವುಳೂ ಮಾಡ್ತೇವೆ. ಕೈ, ಬಾಯಿ, ಮುಖ, ಕೊನೆಗೆ ಕಾಲು. ಬಾದಶಹ ಆದ್ರೂ ತನ್ನ ಕಾಲು ತಾನೇ ತೊಳ್ಕೊಳ್ಳಬೇಕು. ಫಸೀಲಕ್ಕಾ, ನಿಮಗೂ ಗೊತ್ತುಂಟು. ಸಲೂನಲ್ಲಿ ನಾನು ಕಾಲು ತೊಳೀತೇನೆ, ಅದು ನನ್ನ ಕೆಲಸ. ನನ್ನ ಜಾತಿ ಅಲ್ಲ. ಇವತ್ತು ನನಗೆ ರಜೆ.’

ಮೈಕನ್ನು ಹರಿವಾಣದಲ್ಲಿ ಇಟ್ಟೆ. ಅದು ಢಣ್ಣೆಂದಿತು.

ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಡ್ರೈವರುಗಳು ಕೂರುವ ಸಾಲು ಅದು. ಲೋಕನಾಥರು ಇನ್ನೊಂದು ಮೈಕು ಹುಡುಕಿ, ‘ಅತಿಥಿಗಳಿಗೆ ಸ್ವಲ್ಪ ಆಯಾಸ ಆಗಿದೆ, ಈಗ ಮಕ್ಕಳ ನೃತ್ಯ,’ ಎಂದರು. ಶಾಲು ಮಡಿಚಿದಂತೆಯೇ ಒಳಗೆ ಹೋಯಿತು.

ನಾನು ಹೊರಗೆ ಓಡಲು ನೋಡಿದೆ. ಫ್ಲೋರಿಕಾ ಕೈ ಹಿಡಿದು ನಿಲ್ಲಿಸಿದಳು. ‘ಊಟ?’

‘ಈಗ? ಇಲ್ಲಿ?’

‘ಜಗಳಕ್ಕೂ ಬಿರಿಯಾನಿಗೂ ಏನು ಸಂಬಂಧ?’

ಮುಂದಿನ ಸಾಲಿನ ಮೇಜಿನಲ್ಲೇ ಕೂತು ಉಂಡೆವು. ಎದುರಿಗಿದ್ದವರು ಒಬ್ಬೊಬ್ಬರಾಗಿ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ನಮಗೆ ಕಾಲು ಚಾಚಲು ಜಾಗ ಆಯಿತು. ಅವಳು ಎರಡು ಸಲ ಹಾಕಿಸಿಕೊಂಡಳು. ಕೋಸಂಬರಿ ಮಾತ್ರ ಮುಟ್ಟಲಿಲ್ಲ.

ಮರುದಿನ ನ್ಯಾನ್ಸಿ ಮೇಡಂ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡರು. ‘ಕುರ್ಚಿಯಾ? ಯಾವ ಕುರ್ಚಿ? ಲೋಕನಾಥ್ ಸರ್ ಕಫೀಲನ ಹತ್ರ ಮಾತಾಡಿದ್ದಾರೆ, ಬೇರೆ ಮಾತು. ಒಬ್ಬಳು ಜಿಪ್ಸಿ, ಒಬ್ಬಳು ಒಸಾನ್. ಊರಿಡೀ ನಗಾಡ್ತಾ ಉಂಟು. ಖಲಾಸ್. ಇಕಾಮಾ ವೀಸಾ ಮುಗಿಯುವವರೆಗೆ ಇಬ್ರೂ ಕಾಲಲ್ಲೇ.’

ಮೂರನೆಯ ಕುರ್ಚಿಯನ್ನು ಎತ್ತಿ ಸ್ಟೋರಿನಲ್ಲಿ ಹಾಕಿದರು. ಪೆಡಿಕ್ಯೂರಿನ ಮೂಲೆಗೆ ಮರಳಿದೆವು. ಫ್ಲೋರಿಕಾ ಬೋಗುಣಿಗಳನ್ನು ಇಳಿಸಿದಳು. ನಾನು ತಲೆಯ ಟವೆಲ್ಲುಗಳನ್ನು ಮೆಷಿನ್ನಿಗೆ ಹಾಕಲು ಹೋದವಳು ನಿಂತೆ. ತಂದು ನೀಲಿಯದರಲ್ಲಿ ಹಾಕಿದೆ.

‘ನೀನೂ ಶುರು ಮಾಡಿದ್ಯಾ?’ ಎಂದು ಮೇಡಂ ಕಿರುಚಿದರು.

‘ಹೂಂ,’ ಎಂದೆ.

ಆ ವಾರವೇ ಕಸದ ತೊಟ್ಟಿಯ ಹತ್ತಿರ ಕೈ ಮುರಿದ ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಫ್ಲೋರಿಕಾ ಅದನ್ನು ತೊಳೆದು, ನಮ್ಮ ಕೋಣೆಯ ಹೊರಗಿನ ಕಾರಿಡಾರಿನಲ್ಲಿ, ಬೆಳಕು ಬೀಳುವ ಕಿಟಕಿಯ ಎದುರು ಇಟ್ಟಳು. ಶುಕ್ರವಾರ ಬೆಳಿಗ್ಗೆ ಕತ್ತರಿ ಹೊರಬಂತು. ಆಸ್ಪತ್ರೆಯಲ್ಲಿ ನೆಲ ಒರೆಸುವವರು, ಮನೆಗೆಲಸದವರು, ಕ್ಯಾಂಪಿನ ಅಡುಗೆಯವರು ಬಂದರು. ಬಂಗಾಳಿ, ಸಿಂಹಳಿ, ತೆಲುಗು. ಯಾರ ಕೂದಲಿಗೂ ಅವಳು ಊರು ಕೇಳಲಿಲ್ಲ.

ಮೊದಲು ಕೂರಿಸಿದ್ದು ನನ್ನನ್ನು. ನಮ್ಮವರು ಊರಿನ ತಲೆಗಳನ್ನೆಲ್ಲ ನೋಡಿಕೊಂಡವರು. ನನ್ನ ತಲೆಗೆ ಬೇರೊಬ್ಬರ ಕತ್ತರಿ ತಾಗಿದ್ದು ಅದೇ ಮೊದಲು. ಅವಳ ಬೆರಳು ನೆತ್ತಿಯ ಮೇಲೆ ಓಡುವಾಗ ಉಮ್ಮನ ಹಾಡು ತಾನಾಗಿ ಬಾಯಿಗೆ ಬಂತು. ತಲೆಗೆ ಎಣ್ಣೆ, ಕಣ್ಣಿಗೆ ಸುರ್ಮಾ. ಕೊನೆಗೆ ಹೆಸರು ಪೋಣಿಸುವ ಜಾಗ ಬಂದಾಗ ಆಮಿನಮ್ಮ ಎಂದು ಹಾಡಿದೆ. ಕಲಾಯಿಯ ಅಜ್ಜನಿಗೆ ಬರಕತ್ ಬೇಡಿದೆ. ಹಿಂದಿನ ಬೆಂಚಿನ ಹುಡುಗಿಗೂ ಬೇಡಿದೆ. ಅವಳ ಹೇನಿಗೂ ಒಂದಿಷ್ಟು ಬೇಡಿದೆ. ಹುಟ್ಟಿಸಿದವನು ನಕ್ಕಿರಬೇಕು.

ಕಾರಿಡಾರಿನ ತುದಿಯ ಬಾಗಿಲು ತಟ್ಟಿದ ಸದ್ದಾಯಿತು. ಸಲೂನಿನ ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುವ ಹೆಂಗಸು. ತಲೆಗೆ ಸುತ್ತಿದ ಬಟ್ಟೆ ಬಿಚ್ಚುತ್ತ, ಸಂಕೋಚದಿಂದ ಕೇಳಿದಳು.

‘ಯುರೋಪಿನವಳು ಇದ್ದಾಳಾ?’

‘ಇದ್ದಾಳೆ,’ ಎಂದೆ. ‘ಒಳಗೆ ಬಾ.’